ಚಿಲ್ಲರ ಇಲ್ಲ ಅನ್ನುವ ಮೊದಲು

ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತಲಿನ ಅಂಗಡಿಗಳಲ್ಲಿ ಗಲ್ಲಾದ ಮೇಲೆ ಕೂಡುವ ತಮ್ಮಂದಿರೇ, ತಂಗಿಯರೇ, ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಾಕಿಗೆ ತಿರುಗಿ ಕೊಡಬೇಕಾದ ಒಂದು ರೂಪಾಯಿಯ ಬದಲು ಚಾಕಲೇಟ್ ಕೊಡಬೇಡಿ. ಹತ್ತು ರೂಪಾಯಿಯ ನಾಣ್ಯ ಮುಂದೆ ಬಂದರೆ ‘ಇದು ನಡಿಯೂದಿಲ್ರಿ’ ಎಂದು ಹಿಂದಕ್ಕೆ ಸರಿಸಬೇಡಿ.

ನಾನು ಆಯುಷ್ಯವೆಲ್ಲ ಇದೇ ಊರಲ್ಲಿ ಕಿರಾಣಿ ಅಂಗಡಿ ನಡೆಸಿದವನು. ನನಗಿಂತ ಮುಂಚೆ ಅಪ್ಪ ಅದೇ ಗಾದಿಯ ಮೇಲೆ ಕೂತವರು. ತಕ್ಕಡಿಯ ಹಿಂದೆ ನಿಂತು ನಾನು ಕಲಿತದ್ದೊಂದು: ಸಣ್ಣ ನಾಣ್ಯ ಪೇಟೆಯಿಂದ ಮಾಯವಾದಾಗಲೆಲ್ಲ ಅದರ ಹಾನಿ ಬೀಳುವುದು ಸಣ್ಣ ಪ್ರಮಾಣದಲ್ಲಿ ಕೊಳ್ಳುವವರ ಮೇಲೆ. ಚೀಲಗಟ್ಟಲೆ ಸಕ್ಕರೆ ಒಯ್ಯುವವನಿಗೆ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೆ ಲೆಕ್ಕಕ್ಕೇ ಬರುವುದಿಲ್ಲ. ಐದು ರೂಪಾಯಿಯ ಚಹಾಪುಡಿ ಒಯ್ಯುವ ಕೂಲಿಯಾಕೆಗೆ ಅದೇ ಒಂದು ರೂಪಾಯಿ ಬೆಲೆಯ ಐದನೇ ಪಾಲು. ಇದು ನಿಮಗೆ ಸಣ್ಣ ಮಾತೆನಿಸಿದರೆ, ಸ್ವಲ್ಪ ಹಿಂದಿನ ಲೆಕ್ಕ ಕೇಳಿ.

ನೂರು ಪೈಸೆಗೆ ಒಂದು ರೂಪಾಯಿ ಎಂಬ ಲೆಕ್ಕದಲ್ಲೇ ಹುಟ್ಟಿದವರು ನೀವು. ನಾನು ಹುಟ್ಟಿದಾಗ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಒಟ್ಟು ರೂಪಾಯಿಗೆ 64 ಪೈಸೆ, 192 ಪೈ. ನಾಲ್ಕಾಣೆಗೆ ಪಾವಲಿ ಅನ್ನುತ್ತಿದ್ದೆವು, ಎರಡಾಣೆಗೆ ಚವಲಿ. ಸಾಲಿಯಲ್ಲಿ ಮಾಸ್ತರರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅದಿಲ್ಲದೆ ಪೇಟೆಗೆ ಹೋದ ಹುಡುಗ ಮೋಸ ಹೋಗಿಯೇ ಬರುತ್ತಿದ್ದ. ಒಂದು ಪೈಸೆಗೆ ತಂಬಾಕು ಬರುತ್ತಿತ್ತು, ಎಲೆ ಅಡಿಕೆ ಬರುತ್ತಿತ್ತು, ಹುಡುಗರಿಗೆ ಒಂದು ಹಿಡಿ ಪುಠಾಣಿ ಬರುತ್ತಿತ್ತು.

ಸಣ್ಣ ನಾಣ್ಯಕ್ಕೆ ಈ ಊರಿನಲ್ಲಿ ಇನ್ನೂ ಹಳೆಯ ಬೇರಿದೆ. ಆದಿಲಶಾಹಿಗಳ ಕಾಲದಲ್ಲಿ ಬಂಗಾರದ ಹೊನ್ನು ಇತ್ತು. ಪರ್ಷಿಯನ್ ಕೊಲ್ಲಿಯ ಕಡೆಯ ವ್ಯಾಪಾರಕ್ಕೆಂದು ಬೆಳ್ಳಿಯ ತಂತಿಯನ್ನು ಮಡಚಿ, ಅದರ ಮೇಲೆ ಮುದ್ರೆ ಒತ್ತಿ ಮಾಡಿದ ಲಾರಿ ಎಂಬ ನಾಣ್ಯವೂ ಇತ್ತು. ಪೇಟೆಯಲ್ಲಿ ಓಡಾಡಿದ್ದು ಮಾತ್ರ ತಾಮ್ರದ ಬಿಲ್ಲೆ. ಹೊನ್ನನ್ನು ಕಣ್ಣಲ್ಲಿ ನೋಡದೆ ಸತ್ತವರು ಆಗ ಎಷ್ಟೋ ಜನ ಇದ್ದಾರು. ತಾಮ್ರದ ಬಿಲ್ಲೆ ಹೊಗದ ಮನೆ ಇದ್ದಿರಲಾರದು.

ಅಪ್ಪ ಪದೇ ಪದೇ ಹೇಳುತ್ತಿದ್ದುದು ಎರಡನೇ ಮಹಾಯುದ್ಧದ ಕಾಲದ ಮಾತು. ತಾಮ್ರ ಯುದ್ಧದ ಸಾಮಾನಿಗೆ ಬೇಕಾಯಿತು, ಜನ ಕೈಗೆ ಸಿಕ್ಕ ಚಿಲ್ಲರ ಹಿಡಿದಿಟ್ಟರು, ಪೇಟೆಯಲ್ಲಿ ಪೈಸೆ ಸಿಗದಾಯಿತು. 1943ರಲ್ಲಿ ಸರಕಾರ ನಡುವೆ ತೂತಿರುವ ಪೈಸೆ ಹೊರಡಿಸಿತು. ಹಳೆಯ ಪೈಸೆ ಸುಮಾರು ಐದು ಗ್ರಾಂ ತೂಗುತ್ತಿತ್ತು, ತೂತಿನ ಪೈಸೆ ಎರಡು ಗ್ರಾಂ. ದೇಶದ ಕೆಲವು ಸಂಸ್ಥಾನಗಳಂತೂ ನಾಣ್ಯದ ಬದಲು ಕಾಗದದ, ರಟ್ಟಿನ ಕೂಪನ್ ಹಂಚಿದವು. ಅದೇ 1942–43ರಲ್ಲಿ ನಮ್ಮ ಜಿಲ್ಲೆಗೆ ಬರ ಬಿದ್ದಿತ್ತು. ಕಾಳು ತುಟ್ಟಿ, ಕೂಲಿ ಅಗ್ಗ, ಅದರ ಮೇಲೆ ಚಿಲ್ಲರ ಇಲ್ಲ. ಆಗ ಎಷ್ಟೋ ದುಕಾನಗಳಲ್ಲಿ ‘ಚಿಲ್ಲರ ಇಲ್ಲ, ಆಣೆ ತುಂಬುವಷ್ಟು ಒಯ್ಯಿ, ಇಲ್ಲಾ ಉಳಿದದ್ದು ಬಿಡು’ ಅನ್ನುವುದು ರೂಢಿಯಾಯಿತಂತೆ. ಅಪ್ಪ ಇದಕ್ಕೆ ಕಂಡುಕೊಂಡ ದಾರಿ ಸರಳ. ತಿರುಗಿ ಕೊಡಲು ಪೈಸೆ ಇಲ್ಲದಿದ್ದರೆ ಆ ಪೈಸೆಯಷ್ಟು ಅದೇ ಸಾಮಾನನ್ನು ಹೆಚ್ಚು ತೂಗಿ ಕೊಡುತ್ತಿದ್ದರು. ಜೋಳಕ್ಕೆ ಬಂದವನಿಗೆ ಜೋಳ, ಬೆಲ್ಲಕ್ಕೆ ಬಂದವನಿಗೆ ಬೆಲ್ಲ. ಅವನಿಗೆ ಬೇಡವಾದದ್ದನ್ನು ಅವನ ರೊಕ್ಕಕ್ಕೆ ಕಟ್ಟಬಾರದು ಅನ್ನುತ್ತಿದ್ದರು.

ಇನ್ನು ನಾನೇ ಕಣ್ಣಾರೆ ಕಂಡದ್ದು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ರೊಕ್ಕದ ಲೆಕ್ಕವೂ ಬದಲಾಯಿತು. 1955ರಲ್ಲೇ ಸಂಸತ್ತು ಇದಕ್ಕೆ ಕಾನೂನು ಮಾಡಿತ್ತು. ರೂಪಾಯಿ ರೂಪಾಯಿಯಾಗಿಯೇ ಉಳಿಯಿತು, ಅದರೊಳಗೆ 64 ಪೈಸೆ ಹೋಗಿ ನೂರು ಪೈಸೆ ಬಂದವು. ಹಳೆಯದರ ಜೊತೆ ಕಲಸಿ ಹೋಗಬಾರದೆಂದು ಹೊಸದಕ್ಕೆ ‘ನಯಾ ಪೈಸಾ’ ಎಂದು ಹೆಸರಿಟ್ಟರು. ರೂಪಾಯಿಯ ನೂರನೇ ಭಾಗ ಎಂದು ನಾಣ್ಯದ ಮೇಲೆಯೇ ಹಿಂದಿಯಲ್ಲಿ ಬರೆದರು. ಒಂದು ನಯಾ ಪೈಸೆ ಕಂಚಿನದು, ತೂಕ ಒಂದೂವರೆ ಗ್ರಾಂ. ಹೊಳೆಯುವ ಆ ನಾಣ್ಯ ಕೈಗೆ ಬಂದ ದಿನ ನಾವು ಹುಡುಗರು ಅದನ್ನು ಖರ್ಚು ಮಾಡಲಾರದೆ ಇಟ್ಟುಕೊಂಡು ತಿರುಗಿದ್ದೆವು. 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು.

ಆಣೆ, ನಯಾ ಪೈಸೆ ಎರಡೂ ಕೆಲವು ವರ್ಷ ಒಟ್ಟಿಗೇ ನಡೆದವು. ನಮ್ಮ ಅಂಗಡಿಯ ಕಂಬಕ್ಕೆ ಅಪ್ಪ ಒಂದು ಕೋಷ್ಟಕ ಅಂಟಿಸಿದ್ದರು: ಒಂದಾಣೆಗೆ 6 ನಯೇ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಮೂರನೇ ಆಣೆಗೆ ಮಾತ್ರ ಏಳು ಪೈಸೆ ಯಾಕೆ ಎಂದು ನಾನು ಕೇಳಿದ್ದೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಬರುವುದು ಆರೂಕಾಲು. ಕಾಲು ಪೈಸೆಗೆ ನಾಣ್ಯವಿಲ್ಲ. ಆದ್ದರಿಂದ ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಬಿಡಬೇಕು, ಅರ್ಧ ಮೀರಿದರೆ ಒಂದು ಎಂದು ಹಿಡಿಯಬೇಕು. ಇದು ಸರಕಾರದ ನಿಯಮ. ಕೇಳಿದರೆ ನ್ಯಾಯವಾಗಿಯೇ ಇದೆ.

ಈಗ ಅದೇ ನಿಯಮವನ್ನು ಹಳೆಯ ಒಂದು ಪೈಸೆಗೆ ಹಚ್ಚಿ ನೋಡಿ. ನೂರನ್ನು 64ರಿಂದ ಭಾಗಿಸಿದರೆ 1.56. ಅರ್ಧ ಮೀರಿತು, ಹಾಗಾಗಿ ಅದು 2 ಆಯಿತು. ನಿನ್ನೆಯವರೆಗೆ ದಿನಾ ಒಂದು ಪೈಸೆಯ ತಂಬಾಕು ಒಯ್ಯುತ್ತಿದ್ದವನು ನಾಲ್ಕು ದಿನಕ್ಕೆ ಒಂದಾಣೆ ಕೊಡುತ್ತಿದ್ದ. ಇವತ್ತಿನಿಂದ ಅದೇ ನಾಲ್ಕು ದಿನಕ್ಕೆ ಅವನು ಕೊಡಬೇಕಾದದ್ದು 8 ನಯೇ ಪೈಸೆ. ಒಂದೇ ಸಲಕ್ಕೆ ಒಂದಾಣೆಯ ತಂಬಾಕು ಒಯ್ಯುವ ಅನುಕೂಲಸ್ಥ ಕೊಡಬೇಕಾದದ್ದು 6. ಅರವತ್ನಾಲ್ಕು ಸಲ ಬಿಡಿಬಿಡಿಯಾಗಿ ಒಯ್ದವನು ಒಂದು ರೂಪಾಯಿಯ ಸಾಮಾನಿಗೆ ಒಂದು ರೂಪಾಯಿ 28 ಪೈಸೆ ತೆತ್ತ. ಇದರಲ್ಲಿ ಯಾರೂ ಬೆಲೆ ಏರಿಸಿರಲಿಲ್ಲ, ತೂಕದಲ್ಲಿ ಹೊಡೆದಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಇತ್ತು. ಆದರೂ ನೂರಕ್ಕೆ 28ರಷ್ಟು ಹೆಚ್ಚಿನ ಭಾರ ಹೋಗಿ ಕೂತದ್ದು ಎಲ್ಲರಿಗಿಂತ ಕಡಿಮೆ ರೊಕ್ಕ ಇದ್ದವನ ಹೆಗಲ ಮೇಲೆ.

ಅಪ್ಪ ಒಂದು ಪೈಸೆಯ ಗಿರಾಕಿಗಳ ಲೆಕ್ಕವನ್ನು ಬೇರೆ ವಹಿಯಲ್ಲಿ ಬರೆಯತೊಡಗಿದರು. ನಾಲ್ಕು ಗೀಟು ಬಿದ್ದ ಮೇಲೆ ಆರು ನಯೇ ಪೈಸೆ ಇಸಿದುಕೊಳ್ಳುತ್ತಿದ್ದರು. ‘ಮೊದಲು ಕೂಡಿಸು, ಆಮೇಲೆ ಚೂರು ಬಿಡು. ಚೂರು ಬಿಡುತ್ತ ಕೂಡಿಸಬೇಡ’ ಎಂದು ನನಗೆ ಕಲಿಸಿದರು. ಇವತ್ತು ನಿಮ್ಮ ಕಂಪ್ಯೂಟರ್ ಬಿಲ್ಲಿನ ಕೆಳಗೆ ‘ರೌಂಡ್ ಆಫ್’ ಎಂದು ಒಂದು ಸಾಲು ಬರುತ್ತದಲ್ಲ, ಅದನ್ನು ಒಮ್ಮೆ ಕಣ್ಣಿಟ್ಟು ನೋಡಿ. ಒಟ್ಟು ಮೊತ್ತಕ್ಕೆ ಒಂದೇ ಸಲ ಆಗುತ್ತಿದೆಯೋ, ಪ್ರತಿ ಸಾಮಾನಿಗೂ ಆಗುತ್ತಿದೆಯೋ? ಹತ್ತಿರದ ರೂಪಾಯಿಗೆ ಆಗುತ್ತಿದೆಯೋ, ಯಾವಾಗಲೂ ಮೇಲಕ್ಕೇ ಏರುತ್ತಿದೆಯೋ? ಮಾಲೀಕರು ಗಮನಿಸದೆ ಬಿಟ್ಟಿರಬಹುದು. ನೀವು ಹೇಳಿದರೆ ಸರಿಪಡಿಸುತ್ತಾರೆ. ಗಲ್ಲಾದ ಮೇಲೆ ಕೂತವರೇ ಇದನ್ನು ನೋಡದಿದ್ದರೆ ಇನ್ನು ಯಾರು ನೋಡಬೇಕು?

ಚೌಕಕ್ಕೆ ಯಾರ ಹೆಸರಿದೆ ಎಂಬುದನ್ನೂ ಇಲ್ಲೇ ನೆನೆಯಬೇಕು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಾಗ ಉಪ್ಪಿನ ಕರ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆ. ಮಣಕ್ಕೆ ನಲವತ್ತು ಸೇರು. ಕಿರಾಣಿಯವನ ಲೆಕ್ಕದಲ್ಲಿ ಹೇಳುವುದಾದರೆ ಸೇರು ಉಪ್ಪಿಗೆ ಎರಡು ಪೈಸೆ. ದೊಡ್ಡ ದೊಡ್ಡ ಕರಗಳು ಬೇರೆ ಬೇಕಾದಷ್ಟಿದ್ದವು. ಎರಡು ಪೈಸೆಗೆ ಇಷ್ಟು ದೊಡ್ಡ ಚಳವಳಿಯೇ ಎಂದು ಅಂದು ಅವರ ಜೊತೆಗಿದ್ದವರೇ ಅನುಮಾನಪಟ್ಟಿದ್ದರು. ಉಪ್ಪಿಲ್ಲದೆ ಬಡವನಿಗೂ ಊಟವಿಲ್ಲ, ಸಾಹುಕಾರ ಕೊಡುವಷ್ಟೇ ಕರವನ್ನು ಅವನೂ ಕೊಡಬೇಕು ಎಂಬುದು ಗಾಂಧೀಜಿಗೆ ಗೊತ್ತಿತ್ತು. ಎರಡು ಪೈಸೆಯನ್ನು ಅವರು ಸಣ್ಣದೆಂದು ನೋಡಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 1958ರ ಅಕ್ಟೋಬರ್‌ನಿಂದ ಸೇರು, ಛಟಾಕು ಹೋಗಿ ಕಿಲೋ ಬರತೊಡಗಿತು. ಅರವತ್ತರ ದಶಕದ ನಡುವಿನಲ್ಲಿ ಕಂಚು ಹೋಗಿ ಅಲ್ಯೂಮಿನಿಯಂ ಬಂತು. ಒಂದು ಪೈಸೆ, ಐದು ಪೈಸೆ ಚೌಕಾಕಾರ. ಎರಡು ಪೈಸೆಗೂ ಹತ್ತು ಪೈಸೆಗೂ ಅಲೆಅಲೆಯಾದ ಅಂಚು. ಮೂರು ಪೈಸೆಗೆ ಆರು ಮೂಲೆ. ಅಕ್ಷರ ಬಾರದವರು, ಕಣ್ಣು ಕಾಣದವರು ಬೆರಳಿನಿಂದಲೇ ಗುರುತು ಹಿಡಿಯುತ್ತಿದ್ದರು. 1969ರಲ್ಲಿ ಗಾಂಧಿ ಜನ್ಮಶತಾಬ್ದಿಗೆ ಅವರ ಮುಖವಿದ್ದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ಬಂತು. ಅದರಲ್ಲಿ ಬಂಗಾರ ಇದೆ ಎಂಬ ಗಾಳಿಮಾತು ಹಬ್ಬಿ ಜನ ಅದನ್ನು ಗಂಟು ಕಟ್ಟಿಟ್ಟರು. 1988ರಿಂದ ಹತ್ತು, ಇಪ್ಪತ್ತೈದು, ಐವತ್ತು ಪೈಸೆ ಉಕ್ಕಿನಲ್ಲಿ ಬಂದವು, ಎಲ್ಲವೂ ದುಂಡಗೆ. ಅಂದಿನಿಂದ ಬೆರಳ ಗುರುತು ಕಷ್ಟವಾಯಿತು. 2019ರಲ್ಲಿ ಪ್ರಕಟಿಸಿದ ಹೊಸ ಸರಣಿಯಲ್ಲಿ ಬೆಲೆ ಏರಿದಂತೆ ಅಗಲವೂ ತೂಕವೂ ಏರುವಂತೆ ಮಾಡಿದ್ದಾರೆ, ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಅಂಚು ಕೊಟ್ಟಿದ್ದಾರೆ. ಹಳೆಯವು, ಹೊಸವು ಬೆರೆತಿರುವ ಈ ಕಾಲದಲ್ಲಿ ಕಣ್ಣು ಮಂಜಾದವರಿಗೆ ಚಿಲ್ಲರ ಕೊಡುವಾಗ ಒಂದೊಂದಾಗಿ ಅಂಗೈಗೆ ಇಟ್ಟು, ‘ಇದು ಐದು, ಇದು ಎರಡು’ ಎಂದು ಬಾಯಿಬಿಟ್ಟು ಹೇಳಿ. ಕೌಂಟರ್ ಮೇಲೆ ಚೆಲ್ಲಬೇಡಿ.

2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದರ ಕೆಳಗಿನ ನಾಣ್ಯಗಳೆಲ್ಲ ರದ್ದಾದವು. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ನಾಲ್ಕಾಣೆಗೆ ಬರುವಂಥದ್ದು ಪೇಟೆಯಲ್ಲಿ ಏನೂ ಉಳಿದಿರಲಿಲ್ಲ, ನಾಣ್ಯದ ಲೋಹವೇ ಅದರ ಬೆಲೆಯನ್ನು ಮೀರಿತ್ತು. ನನ್ನ ಸಂಕಟ ಇರುವುದು ಎಂಟಾಣೆಯ ಬಗ್ಗೆ. ಐವತ್ತು ಪೈಸೆಯನ್ನು ಯಾವ ಸರಕಾರವೂ ರದ್ದು ಮಾಡಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಯವರೆಗಿನ ಮೊತ್ತಕ್ಕೆ ಅದು ಇಂದಿಗೂ ಸಲ್ಲುವ ರೊಕ್ಕ. ಅದನ್ನು ಕೊಂದವರು ನಾವು, ಗಲ್ಲಾದ ಮೇಲೆ ಕೂತವರು. ಒಂದು ಅಂಗಡಿ ಬೇಡ ಅಂದಿತು, ಎರಡನೆಯದು ಅದನ್ನು ನೋಡಿ ಬೇಡ ಅಂದಿತು, ಕಡೆಗೆ ಭಿಕ್ಷೆ ಬೇಡುವವರೂ ಮುಟ್ಟದಂತಾಯಿತು. ಎಂಟಾಣೆ ಹೋದ ಮೇಲೆ ಎರಡೂವರೆಯ ಸಾಮಾನು ಎರಡಕ್ಕೆ ಇಳಿಯಿತೇ? ಮೂರಕ್ಕೇ ಏರಿತು.

ಇನ್ನೊಂದು ಪೀಳಿಗೆಯಲ್ಲಿ ಒಂದು ರೂಪಾಯಿಗೂ ಅದೇ ಗತಿ ಬಂದೀತೆಂಬ ಭಯ ನನಗಿದೆ. ಒಂದು ರೂಪಾಯಿ ನಾಣ್ಯ ಮಾಡಲು ಸರಕಾರಕ್ಕೆ ಒಂದು ರೂಪಾಯಿ 11 ಪೈಸೆ ಬೀಳುತ್ತದೆ ಎಂದು ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರದಲ್ಲಿ 2018ರಲ್ಲಿ ಬಹಿರಂಗವಾಗಿತ್ತು. ನಷ್ಟ ಹೊತ್ತಾದರೂ ಟಂಕಸಾಲೆ ಅದನ್ನು ಮಾಡಿ ಕಳಿಸುತ್ತಿದೆ, ಏಕೆಂದರೆ ನಾಣ್ಯ ಒಮ್ಮೆ ಬಳಸಿ ಮುಗಿಯುವಂಥದ್ದಲ್ಲ, ಎಷ್ಟೋ ವರ್ಷ ಕೈಯಿಂದ ಕೈಗೆ ಹೋಗುತ್ತದೆ. ನಾವು ಅದನ್ನು ಚಾಕಲೇಟಿಗೆ ಬದಲಿಸಿದರೆ ಆ ಓಡಾಟ ನಿಲ್ಲುತ್ತದೆ. ಚಾಕಲೇಟ್ ಕೊಟ್ಟವನಿಗೆ ಅದರಲ್ಲೂ ಲಾಭ ಉಳಿಯುತ್ತದೆ. ಇಸಿದುಕೊಂಡಾಕೆ ಅದೇ ಚಾಕಲೇಟನ್ನು ನಾಳೆ ನಿಮ್ಮ ಅಂಗಡಿಗೆ ರೂಪಾಯಿಯ ಬದಲು ತಂದು ಕೊಟ್ಟರೆ ನೀವು ತೆಗೆದುಕೊಳ್ಳುತ್ತೀರಾ? ಪೊಟ್ಟಣದ ಮೇಲೆ 19 ರೂಪಾಯಿ ಎಂದು ಎಂಆರ್‌ಪಿ ಮುದ್ರಿಸಿದ್ದಕ್ಕೆ 20 ಇಸಿದುಕೊಂಡು ಸುಮ್ಮನಾದರೆ ಅದು ಕಾನೂನಿನ ಪ್ರಕಾರವೂ ತಪ್ಪು.

ಹತ್ತರ ನಾಣ್ಯದ ಕತೆ ಬೇರೆ. ಎರಡು ಲೋಹ ಕೂಡಿಸಿ ಮಾಡಿದ ಆ ನಾಣ್ಯ 2009ರಿಂದ ಚಲಾವಣೆಯಲ್ಲಿದೆ. ಕೆಲವದರಲ್ಲಿ ಹತ್ತು ಗೆರೆ, ಕೆಲವದರಲ್ಲಿ ಹದಿನೈದು ಗೆರೆ, ಕೆಲವದರ ಮೇಲೆ ರೂಪಾಯಿಯ ಚಿಹ್ನೆ ಇದೆ, 2011ಕ್ಕೆ ಮೊದಲಿನವುಗಳ ಮೇಲೆ ಇಲ್ಲ. ನೋಟು ರದ್ದತಿಯ 2016ರ ಸುಮಾರಿಗೆ ಈ ವ್ಯತ್ಯಾಸವನ್ನೇ ಹಿಡಿದು, ಇದು ಖೋಟಾ ಎಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿತು. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಅಸಲಿ, ಎಲ್ಲವೂ ಸಲ್ಲುತ್ತವೆ. ಬೇರೆ ಬೇರೆ ಸಂದರ್ಭದ ನೆನಪಿಗೆ ಬೇರೆ ಬೇರೆ ಚಿತ್ರ ಹಾಕಿದ್ದರಿಂದ ಹೀಗೆ ಕಾಣುತ್ತವೆ, ಅಷ್ಟೇ. ಆದರೂ ನಮ್ಮ ಪೇಟೆಯಲ್ಲಿ ಆ ಅಂಜಿಕೆ ಪೂರ್ತಿ ಹೋಗಿಲ್ಲ. ನಡೆಯುವುದಿಲ್ಲ ಅಂದವರನ್ನು ಯಾಕೆ ಎಂದು ಕೇಳಿದರೆ ‘ನಮ್ಮಿಂದ ಯಾರೂ ತಗೊಳ್ಳೂದಿಲ್ರಿ’ ಅನ್ನುತ್ತಾರೆ. ಆ ಯಾರೂ ಎಂಬವರನ್ನು ಕೇಳಿದರೆ ಅವರದೂ ಅದೇ ಉತ್ತರ.

ಒಂದು ವೇಳೆ ನಿಮ್ಮ ಗಲ್ಲಾದಲ್ಲಿ ನಾಣ್ಯ ಹೆಚ್ಚು ಕೂಡಿದರೆ ಬ್ಯಾಂಕಿಗೆ ಒಯ್ಯಿರಿ. ಯಾವ ಬ್ಯಾಂಕ್ ಶಾಖೆಯೂ ನಾಣ್ಯ ಬೇಡ ಅನ್ನುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಮಾಡಿ ಒಯ್ದರೆ ಕ್ಯಾಷಿಯರಿಗೂ ಅನುಕೂಲ, ಒಂದು ಎರಡು ರೂಪಾಯಿಯ ನಾಣ್ಯಗಳನ್ನು ತೂಕ ಮಾಡಿ ತೆಗೆದುಕೊಳ್ಳಲೂ ಅವಕಾಶವಿದೆ. ಅಲ್ಲಿ ತೆಗೆದುಕೊಳ್ಳದಿದ್ದರೆ ಜಗಳಕ್ಕಿಳಿಯಬೇಡಿ, ಶಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ. ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448 ಸಂಖ್ಯೆ ಇದೆ. ನಿಮ್ಮ ರಕ್ಷಣೆಗೂ ಕಾನೂನಿನಲ್ಲಿ ಜಾಗವಿದೆ: ಒಂದು ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನಾಣ್ಯಗಳು ಒಂದು ಪಾವತಿಯಲ್ಲಿ ಸಾವಿರ ರೂಪಾಯಿಯವರೆಗೆ ಮಾತ್ರ ಸಲ್ಲುತ್ತವೆ. ಐದು ಸಾವಿರದ ಬಿಲ್ಲಿಗೆ ಯಾರಾದರೂ ನಾಣ್ಯದ ಚೀಲ ತಂದಿಟ್ಟರೆ ನೀವು ಒಪ್ಪಲೇಬೇಕೆಂದಿಲ್ಲ.

ಯುಪಿಐ ಬಂದ ಮೇಲೆ ಈ ಮಾತೆಲ್ಲ ಯಾಕೆ ಅನ್ನಬಹುದು. ಫೋನಿನ ಪಾವತಿಯನ್ನು ನಾನು ಮೆಚ್ಚುತ್ತೇನೆ. ಪೇಟೆಯಿಂದ ಓಡಿಹೋಗಿದ್ದ ಪೈಸೆ ಅದರಲ್ಲಿ ತಿರುಗಿ ಬಂದಿದೆ, ಹನ್ನೆರಡೂವರೆ ಅಂದರೆ ಸರಿಯಾಗಿ ಹನ್ನೆರಡೂವರೆಯನ್ನೇ ಕೊಡಬಹುದು. ಆದರೆ ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಿಂದ ಬಸ್ಸಿಳಿದು ಬರುವ ಮುದುಕಿಯ ಸೆರಗಿನ ಗಂಟಿನಲ್ಲಿ ಇನ್ನೂ ರೊಕ್ಕವೇ ಇದೆ. ದ್ರಾಕ್ಷಿ ತೋಟದಲ್ಲಿ ದುಡಿದ ಕೂಲಿ ಅದು. ಫೋನಿದ್ದವನು ಹನ್ನೆರಡೂವರೆ ಕೊಟ್ಟು ಹೋಗುವ ಅಂಗಡಿಯಲ್ಲಿ ಆಕೆ ಹದಿನೈದು ಕೊಟ್ಟು ಹೋದರೆ, 1957ರ ತಂಬಾಕಿನ ಲೆಕ್ಕವೇ ಇವತ್ತೂ ನಡೆದ ಹಾಗಾಯಿತು. ‘ಸ್ಕ್ಯಾನ್ ಮಾಡು ಅಜ್ಜಿ’ ಎಂದು ಆಕೆಗೆ ಹೇಳಬೇಡಿ. ಆಕೆ ತಂದ ರೊಕ್ಕವೂ ಈ ದೇಶದ ರೊಕ್ಕವೇ.

ಬೆಳಿಗ್ಗೆ ಅಂಗಡಿ ತೆರೆದಾಗ ನೋಟಿಗಿಂತ ಮೊದಲು ಒಂದು, ಎರಡರ ನಾಣ್ಯ ಗಲ್ಲಾದಲ್ಲಿ ಇವೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಬ್ಯಾಂಕಿನಿಂದ ತರಿಸಿರಿ. ಒಂದು ದಿನ ಚಿಲ್ಲರ ತೀರಿಯೇ ಹೋದರೆ ಆ ಒಂದು ರೂಪಾಯಿಯ ನಷ್ಟ ನಿಮ್ಮ ಕಡೆ ಇರಲಿ, ಗಿರಾಕಿಯ ಕಡೆ ಬೇಡ. ಮಾಲೀಕರು ಬೈದರೆ ಕಿರಾಣಿಯ ಮುದುಕ ಹೇಳಿದನೆಂದು ಹೇಳಿ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಬಂದಾಗ ಊರಿಗೆ ಊರೇ ಚಿಲ್ಲರ ಹುಡುಕುತ್ತದೆ, ಅದಕ್ಕೆ ಮುಂಚೆಯೇ ತರಿಸಿಟ್ಟುಕೊಳ್ಳಿ. ಹತ್ತರ ನಾಣ್ಯ ಬಂದರೆ ತಗೊಳ್ರಿ, ಮುಂದಿನವರಿಗೆ ಕೊಡ್ರಿ. ರೂಪಾಯಿ ತಿರುಗಿ ಕೊಡುವುದಿದ್ದರೆ ಅವರು ಕೇಳುವವರೆಗೆ ಕಾಯಬೇಡ್ರಿ.